ಮನೆಯಲ್ಲಿ ಕಟ್ಟಿದ ಹೆಡ್‌ಫೋನ್ ಆ್ಯಂಪ್ಲಿಫೈಯರ್‌: ಬೇಡದ ಸದ್ದಿನ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ಹವ್ಯಾಸಿಗಳು ಕಟ್ಟುವ ಸಿಮೋಯ್ ಸರ್ಕಿಟ್ ನೋಡಿ ವೆರೋ ಬೋರ್ಡ್ (ತೂತುಗಳೂ ತಾಮ್ರದ ಪಟ್ಟಿಗಳೂ ಇರುವ ಹಲಗೆ) ಮೇಲೆ ಹೆಡ್‌ಫೋನ್ ಆ್ಯಂಪ್ ಕಟ್ಟಿದ್ದೇನೆ. ಒಪಿಎ2134 ಐಸಿ ಸಿಗಲಿಲ್ಲ, ಅದರ ಜಾಗದಲ್ಲಿ ಎನ್‌ಇ5532 ಹಾಕಿದೆ. ಉಳಿದ ಬಿಡಿಭಾಗಗಳ ಓಮ್, ಫ್ಯಾರಡ್ ಅಳತೆಗಳೆಲ್ಲ ಮೂಲದವೇ. 50 ಕಿಲೋ ಓಮ್ ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ಗುಂಡಿಯ ರೆಸಿಸ್ಟರ್), ಪ್ಲಾಸ್ಟಿಕ್ ಡಬ್ಬಿ, ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್. 16 ಓಮ್ ಇಯರ್‌ಫೋನ್ ಹಾಕಿದರೆ ಹಾಡು ಇಲ್ಲದಾಗಲೂ ಸುಸ್ಸೆಂದು ಕೇಳುತ್ತದೆ, ಹಾಡು ಬಂದಾಗ ಸ್ವರ ಒಡೆಯುತ್ತದೆ. ಗೆಳೆಯನ 300 ಓಮ್ ಹೆಡ್‌ಫೋನಿನಲ್ಲಿ ಜೋರು ಮಾಡಿದಾಗ ಮಾತ್ರ ಒಡೆಯುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದೊಡನೆ ಜುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಗುಂಡಿ ಅರ್ಧಕ್ಕೆ ತಿರುಗಿಸಿದಾಗ ಬೇರೊಂದು ಗುಂಯ್‌ಗುಡುವಿಕೆ ಹೆಚ್ಚಾಗಿ, ಪೂರ್ತಿ ತಿರುಗಿಸಿದರೆ ಕಡಿಮೆಯಾಗುತ್ತದೆ. ಫೋನ್ ಹತ್ತಿರವಿದ್ದರೆ ಒಮ್ಮೊಮ್ಮೆ ಟರ್‌ಟರ್ ಎನ್ನುತ್ತದೆ. ಐಸಿ ಬದಲಿಸಿ ನೋಡಿದೆ, ದುಬಾರಿ ಕೆಪ್ಯಾಸಿಟರ್ ಹಾಕಿದೆ, ಏನೂ ಬದಲಾಗಲಿಲ್ಲ. ಮುಂದೆ ಯಾವ ಐಸಿ ಕೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವ ಐಸಿಯನ್ನೂ ಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಐದು ಬೇರೆ ಬೇರೆ ಸದ್ದುಗಳಿವೆ. ಅವುಗಳ ಹುಟ್ಟು ಬೇರೆ, ಮದ್ದೂ ಬೇರೆ. ಎಲ್ಲವನ್ನೂ ಒಂದೇ ತೊಂದರೆ ಎಂದು ಹಿಡಿದರೆ ಬಿಡಿಭಾಗ ಬದಲಿಸುತ್ತ ತಿಂಗಳು ಕಳೆಯುತ್ತದೆ, ಕಿವಿಯಲ್ಲಿ ಸದ್ದು ಹಾಗೇ ಉಳಿಯುತ್ತದೆ. ಆದರೆ ಪ್ರತಿ ಸದ್ದು ಯಾವಾಗ ಹೆಚ್ಚುತ್ತದೆ, ಯಾವಾಗ ನಿಲ್ಲುತ್ತದೆ ಎಂದು ನೀವು ಗಮನವಿಟ್ಟು ಬರೆದಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಮೊದಲು ಒಂದು ಸಣ್ಣ ಉಪಕರಣ ಮಾಡಿಕೊಳ್ಳಿ. 3.5 ಮಿಲಿಮೀಟರ್ ಸ್ಟೀರಿಯೊ ಪ್ಲಗ್ ಒಂದನ್ನು ತಂದು ಅದರ ಟಿಪ್, ರಿಂಗ್, ಸ್ಲೀವ್ ಮೂರನ್ನೂ ಒಟ್ಟಿಗೆ ಬೆಸುಗೆ ಹಾಕಿ. ಇದನ್ನು ಇನ್‌ಪುಟ್ ಜಾಕಿಗೆ ಚುಚ್ಚಿದರೆ ಆ್ಯಂಪಿನ ಬಾಯಿ ಗ್ರೌಂಡಿಗೆ ಕಟ್ಟಿದಂತೆ. ಅನೇಕರು ಕೇಬಲ್ ಕಿತ್ತು, ಬರಿಯ ಜಾಕ್ ಬಿಟ್ಟು ಸದ್ದು ಕೇಳುತ್ತಾರೆ. ಅದರಿಂದ ತಪ್ಪು ತೀರ್ಮಾನಕ್ಕೆ ಬರುತ್ತೀರಿ, ಏಕೆಂದರೆ ತೆರೆದ ಇನ್‌ಪುಟ್ ಆ್ಯಂಟೆನಾ ಆಗುತ್ತದೆ. ಈ ಪ್ಲಗ್ ಹಾಕಿದ ಮೇಲೆಯೂ ಉಳಿಯುವ ಸದ್ದು ನಿಮ್ಮ ಡಬ್ಬಿಯೊಳಗಿನದು ಅಥವಾ ಪವರ್ ಸಪ್ಲೈಯದು. ನಿಂತು ಹೋಗುವ ಸದ್ದು ಕೇಬಲಿನ ದಾರಿಯಲ್ಲಿ ಬರುತ್ತಿರುವುದು. ಇದೇ ಪ್ಲಗ್ ಹಾಕಿಟ್ಟುಕೊಂಡು ಅಡಾಪ್ಟರ್ ತೆಗೆದು 9 ವೋಲ್ಟ್ ಬ್ಯಾಟರಿಯಲ್ಲಿ ಒಮ್ಮೆ ಕೇಳಿ. ಇಷ್ಟರಲ್ಲೇ ಸದ್ದುಗಳು ಮೂರು ಗುಂಪಾಗಿ ಬೇರ್ಪಡುತ್ತವೆ.

ಈಗ ಸ್ವರ ಒಡೆಯುವ ವಿಷಯ. ಇದನ್ನೇ ಮೊದಲು ಎತ್ತಿಕೊಳ್ಳುವುದಕ್ಕೆ ಕಾರಣವಿದೆ: ಇದು ಇಯರ್‌ಫೋನಿಗೂ ಒಳ್ಳೆಯದಲ್ಲ.

1990ರ ದಶಕದ ಕೊನೆಯಲ್ಲಿ ಚು ಮೋಯ್ ಪ್ರಕಟಿಸಿದ ಈ ಸಿಮೋಯ್ ಸರ್ಕಿಟ್ ಜಗತ್ತಿನಾದ್ಯಂತ ಹವ್ಯಾಸಿಗಳ ಮೊದಲ ಆ್ಯಂಪ್ ಆಯಿತು. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಹಿಡಿಸುವಷ್ಟು ಚಿಕ್ಕದು, ಒಂದು 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವಂಥದ್ದು. ಅದರಲ್ಲಿ ಬಳಸುವ ಆಪ್-ಆ್ಯಂಪಿನ (ಸದ್ದಿನ ಅಲೆ ಹಿಗ್ಗಿಸುವ ಐಸಿಯ) ಇನ್‌ಪುಟ್‌ನಲ್ಲಿ ಎಫ್‌ಇಟಿ (ಕರೆಂಟನ್ನು ಬಹುತೇಕ ಎಳೆಯದ ಬಗೆಯ ಟ್ರಾನ್ಸಿಸ್ಟರ್) ಇರುತ್ತದೆ ಎಂದೇ ಲೆಕ್ಕ ಹಾಕಿ ಪ್ಲಸ್ ಪಿನ್ನಿನಿಂದ ಗ್ರೌಂಡಿಗೆ 100 ಕಿಲೋ ಓಮ್ ಕೊಟ್ಟಿದ್ದಾರೆ. ಒಪಿಎ2134 ಆ ಪಿನ್ನಿನಲ್ಲಿ ಎಳೆಯುವ ಬಯಾಸ್ ಕರೆಂಟ್ (ಕೆಲಸ ಮಾಡಲು ಸದಾ ಬೇಕಾದ ಪುಟ್ಟ ಕರೆಂಟ್) ಕೆಲವೇ ಪಿಕೊಆಂಪ್. ಎನ್‌ಇ5532 ಒಳಗಿರುವುದು ಬೈಪೋಲಾರ್ ಟ್ರಾನ್ಸಿಸ್ಟರ್, ಅದು ಸಾಮಾನ್ಯವಾಗಿ 200 ನ್ಯಾನೊಆಂಪ್ ಎಳೆಯುತ್ತದೆ. 200 ನ್ಯಾನೊಆಂಪ್ 100 ಕಿಲೋ ಓಮ್ ದಾಟಿದರೆ 20 ಮಿಲಿವೋಲ್ಟ್. ನಿಮ್ಮ ಗೇನ್ (ವೋಲ್ಟೇಜನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) 11, ಅಂದರೆ ಔಟ್‌ಪುಟ್‌ನಲ್ಲಿ ಸದಾ 220 ಮಿಲಿವೋಲ್ಟ್ ಡಿಸಿ ನಿಂತಿರುತ್ತದೆ.

16 ಓಮ್ ಇಯರ್‌ಫೋನಿಗೆ 220 ಮಿಲಿವೋಲ್ಟ್ ಎಂದರೆ ಒಂದು ಕಿವಿಗೆ ಸುಮಾರು 14 ಮಿಲಿಆಂಪ್, ಎರಡಕ್ಕೂ ಸೇರಿ 28. ಈ ಕರೆಂಟ್ ಬರಬೇಕಾದದ್ದು ನಿಮ್ಮ ವರ್ಚುವಲ್ ಗ್ರೌಂಡಿನಿಂದ, ಅಂದರೆ ಎರಡು 4.7 ಕಿಲೋ ಓಮ್ ರೆಸಿಸ್ಟರ್‌ಗಳ ನಡುವಿನ ಬಿಂದುವಿನಿಂದ. ಆ ರೆಸಿಸ್ಟರ್ ಪೂರ್ತಿ 12 ವೋಲ್ಟನ್ನೂ ತನ್ನ ಮೇಲೆ ಹೊತ್ತರೂ ಕೊಡಬಲ್ಲದ್ದು ಎರಡೂವರೆ ಮಿಲಿಆಂಪ್. ಹಾಗಾಗಿ ನಡುವಿನ ಬಿಂದು ತನ್ನ 6 ವೋಲ್ಟಿನಲ್ಲಿ ನಿಲ್ಲಲಾರದೆ ನೆಗೆಟಿವ್ ಕಡೆಗೆ ಕುಸಿಯುತ್ತದೆ. ಕುಸಿದ ಮೇಲೆ ಅಲೆಯ ಕೆಳ ಅರ್ಧಕ್ಕೆ ಜಾಗವೇ ಇರುವುದಿಲ್ಲ, ಅದು ಚಪ್ಪಟೆಯಾಗುತ್ತದೆ. ನೀವು ಕೇಳುತ್ತಿರುವ ಒಡಕು ಅದು. 300 ಓಮಿನ ಹೆಡ್‌ಫೋನಿನಲ್ಲಿ ಎರಡೂ ಕಡೆ ಸೇರಿ ಒಂದೂವರೆ ಮಿಲಿಆಂಪ್ ಮಾತ್ರ, ನಡುಬಿಂದು ಇಳಿಯುವುದು ಸುಮಾರು ಮೂರೂವರೆ ವೋಲ್ಟ್. ಸ್ವಲ್ಪ ಜಾಗ ಉಳಿಯುತ್ತದೆ, ಆದ್ದರಿಂದ ಜೋರು ಮಾಡಿದಾಗ ಮಾತ್ರ ಒಡೆಯುತ್ತದೆ. ನಿಮ್ಮ ಎರಡೂ ಗಮನಿಕೆ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ.

ಮಲ್ಟಿಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಕಪ್ಪು ಕಡ್ಡಿ ಅಡಾಪ್ಟರಿನ ನೆಗೆಟಿವ್‌ಗೆ, ಕೆಂಪು ಕಡ್ಡಿ ವರ್ಚುವಲ್ ಗ್ರೌಂಡಿಗೆ. ಏನೂ ಚುಚ್ಚದಿದ್ದಾಗ 6 ವೋಲ್ಟಿನ ಆಸುಪಾಸು ಇರುತ್ತದೆ, ಇಯರ್‌ಫೋನ್ ಚುಚ್ಚಿದೊಡನೆ ಇಳಿಯುತ್ತದೆ. ಈ ಪರೀಕ್ಷೆಗೆ ಕೆಲಸಕ್ಕೆ ಬಾರದ ಹಳೆಯ ಇಯರ್‌ಫೋನ್ ಅಥವಾ ಒಂದು 16–22 ಓಮ್ ರೆಸಿಸ್ಟರ್ ಬಳಸಿ. ಇದು ಸರಿಹೋಗುವವರೆಗೂ ಒಳ್ಳೆಯ ಇಯರ್‌ಫೋನನ್ನು ಈ ಆ್ಯಂಪಿಗೆ ಹಾಕಬೇಡಿ.

ಇದೇ ಮೀಟರಿನಿಂದ ಇನ್ನೊಂದು ಉಪಯೋಗವಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಒಪಿಎ2134 ಬಗ್ಗೆ ಹುಷಾರಾಗಿರಿ, ಈ ಐಸಿಯ ನಕಲಿಗಳು ಓಡಾಡುತ್ತವೆ. ಹೆಸರು ಅಳಿಸಿ ಹೊಸದಾಗಿ ಮುದ್ರಿಸಿದ ಅಗ್ಗದ ಬೈಪೋಲಾರ್ ಐಸಿ ಆಗಿದ್ದರೆ ಆ 100 ಕಿಲೋ ಓಮ್ ಮೇಲೆ ಹತ್ತಿಪ್ಪತ್ತು ಮಿಲಿವೋಲ್ಟ್ ಕಾಣುತ್ತದೆ. ನಿಜವಾದ ಎಫ್‌ಇಟಿ ಐಸಿಯಾದರೆ ಮೀಟರ್ ಸೊನ್ನೆಯ ಹತ್ತಿರವೇ ಇರುತ್ತದೆ. ಓಸಿಲೋಸ್ಕೋಪ್ ಬೇಡ, ಸಾಮಾನ್ಯ ಮೀಟರ್ ಸಾಕು.

ಹಾಗೆಂದು ಎನ್‌ಇ5532 ಕೆಟ್ಟ ಐಸಿ ಅಲ್ಲ. ಅದರ ಶಬ್ದಮಟ್ಟ ಒಪಿಎ2134ಗಿಂತ ಕಡಿಮೆ: ಎನ್‌ಇ5532ದು 5, ಒಪಿಎ2134ದು 8 ನ್ಯಾನೊವೋಲ್ಟ್ ಪ್ರತಿ ರೂಟ್ ಹರ್ಟ್ಜ್. ಸುತ್ತಲಿನ ಬಿಡಿಭಾಗಗಳ ಅಳತೆಗಳನ್ನು ಅದಕ್ಕೆ ಹೊಂದಿಸಬೇಕು, ಅಷ್ಟೇ. 100 ಕಿಲೋ ಓಮ್ ತೆಗೆದು 10 ಕಿಲೋ ಓಮ್ ಹಾಕಿ. ಆಗ ಇನ್‌ಪುಟ್ ಕೆಪ್ಯಾಸಿಟರನ್ನೂ 0.1ರಿಂದ 1 ಮೈಕ್ರೋಫ್ಯಾರಡ್‌ಗೆ ಏರಿಸಲೇಬೇಕು, ಇಲ್ಲದಿದ್ದರೆ 160 ಹರ್ಟ್ಜ್‌ನಿಂದ ಕೆಳಗೆ ಬೇಸ್ ಸೋರಿಹೋಗುತ್ತದೆ. ಪಾಲಿಯೆಸ್ಟರ್ ಫಿಲ್ಮ್ ಕೆಪ್ಯಾಸಿಟರ್ ಆಗಲಿ. ಸಣ್ಣ ಜಾಗದಲ್ಲಿ ಹೆಚ್ಚು ಮೈಕ್ರೋಫ್ಯಾರಡ್ ಕೊಡುವ ಸೆರಾಮಿಕ್ ಬೇಡ, ಅಂಥವುಗಳಲ್ಲಿ ಅನೇಕವು ತಟ್ಟಿದರೆ ಮೈಕಿನಂತೆ ಸದ್ದು ಮಾಡುತ್ತವೆ.

ಎರಡನೆಯದು ಸುಸ್ಸೆನ್ನುವ ಸದ್ದು. ಇದಕ್ಕೆ ಪೂರ್ತಿ ಹೊಣೆ ಗೇನ್ ಮತ್ತು ಪಾಟ್.

ಸಿಮೋಯ್‌ಗೆ 11ರ ಗೇನ್ ಬಂದದ್ದು ದುರ್ಬಲ ಪೋರ್ಟಬಲ್ ಪ್ಲೇಯರಿನಿಂದ ಹೆಚ್ಚು ಇಂಪೀಡೆನ್ಸಿನ (ಹೆಚ್ಚು ಓಮಿನ) ಹೆಡ್‌ಫೋನುಗಳನ್ನು ನಡೆಸುವ ಅಗತ್ಯದಿಂದ. ನಿಮ್ಮ ಲ್ಯಾಪ್‌ಟಾಪ್ ಸುಮಾರು 1 ವೋಲ್ಟ್ ಕೊಡುತ್ತದೆ ಎನ್ನೋಣ. ಅದಕ್ಕೆ 11ರ ಗೇನ್ ಎಂದರೆ 11 ವೋಲ್ಟ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ, ಅಲೆಯ ತುದಿಗಳು ಇನ್ನೂ ದೂರ ಹೋಗುತ್ತವೆ), 12 ವೋಲ್ಟಿನ ಸಪ್ಲೈ ಅದನ್ನು ಕೊಡಲಾರದು. ಇಯರ್‌ಫೋನಿನ ಕಡೆಯಿಂದ ನೋಡಿ: 16 ಓಮ್, 1 ಮಿಲಿವ್ಯಾಟಿಗೆ 110 ಡೆಸಿಬೆಲ್ ಕೊಡುವಂಥದ್ದಾದರೆ, ಕಿವಿಗಡಚಿಕ್ಕುವ ಆ 110 ಡೆಸಿಬೆಲಿಗೆ ಬೇಕಾದದ್ದು 0.126 ವೋಲ್ಟ್. ಲ್ಯಾಪ್‌ಟಾಪಿನ 1 ವೋಲ್ಟೇ ಅದರ ಎಂಟು ಪಟ್ಟು. ನೀವು ಗುಂಡಿಯನ್ನು ತುಸುವೇ ತಿರುಗಿಸಿ ಕೇಳುತ್ತಿರಬೇಕು, ಅಲ್ಲವೇ? ಅಷ್ಟು ಕೆಳಗೆ ಅಗ್ಗದ ಜೋಡಿ ಪಾಟುಗಳಲ್ಲಿ ಎಡಬಲ ಸಮವೂ ಇರುವುದಿಲ್ಲ.

ಈಗ ಶಬ್ದದ ಲೆಕ್ಕ. ಯಾವುದೇ ರೆಸಿಸ್ಟರ್ ಕೋಣೆಯ ಉಷ್ಣಾಂಶದಲ್ಲಿ ತಾನಾಗಿಯೇ ಶಬ್ದ ಹುಟ್ಟಿಸುತ್ತದೆ. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಅಳೆದು, ನೈಕ್ವಿಸ್ಟ್ ವಿವರಿಸಿದ ಸಂಗತಿ ಇದು. ಎಷ್ಟು ಹಣ ಕೊಟ್ಟು ಯಾವ ರೆಸಿಸ್ಟರ್ ತಂದರೂ ಇದರಿಂದ ಬಿಡುಗಡೆಯಿಲ್ಲ, ಓಮ್ ಬೆಲೆ ಇಳಿಸುವುದೊಂದೇ ದಾರಿ. 50 ಕಿಲೋ ಓಮ್ ಪಾಟ್ ವಿದ್ಯುತ್ ಲೆಕ್ಕದಲ್ಲಿ ನಡುವೆ ನಿಂತಾಗ ವೈಪರಿನಿಂದ (ಪಾಟಿನೊಳಗೆ ಜಾರುವ ನಡು ಕಾಲಿನಿಂದ) ಕಾಣುವ ರೆಸಿಸ್ಟೆನ್ಸ್ 12.5 ಕಿಲೋ ಓಮ್. ಅದರ ಶಬ್ದ 14 ನ್ಯಾನೊವೋಲ್ಟಿಗೂ ಮೇಲೆ, ಐಸಿಯದು 5. ಎನ್‌ಇ5532ನ ಇನ್‌ಪುಟ್ ಕರೆಂಟಿನ ಶಬ್ದ ಅದೇ 12.5 ಕಿಲೋ ಓಮ್ ಮೇಲೆ ಬಿದ್ದು ಇನ್ನೊಂದು 9 ಸೇರಿಸುತ್ತದೆ. ಎಲ್ಲದರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು, 20 ಕಿಲೋಹರ್ಟ್ಜ್‌ವರೆಗೆ ಹರಡಿ, 11ರಿಂದ ಗುಣಿಸಿದರೆ ಔಟ್‌ಪುಟ್‌ನಲ್ಲಿ ಸುಮಾರು 27 ಮೈಕ್ರೋವೋಲ್ಟ್. ನಿಮ್ಮಂಥ ಇಯರ್‌ಫೋನಿನಲ್ಲಿ ಅದು 36 ಡೆಸಿಬೆಲಿನಷ್ಟು. ಕಿವಿಯ ಬಾಯಿ ಮುಚ್ಚುವ ಇಯರ್‌ಫೋನಿನಲ್ಲಿ, ರಾತ್ರಿಯ ಕೋಣೆಯಲ್ಲಿ, ಅದು ಕೇಳಿಸಿಯೇ ತೀರುತ್ತದೆ. ಗುಂಡಿ ಸೊನ್ನೆಗೆ ತಂದರೂ 10 ಮೈಕ್ರೋವೋಲ್ಟ್ ಉಳಿಯುತ್ತದೆ, ಏಕೆಂದರೆ ಈ ಸರ್ಕಿಟಿನಲ್ಲಿ ಪಾಟ್ ಮೊದಲು, ಗೇನ್ ಆಮೇಲೆ. ಗುಂಡಿ ಇಳಿಸಿದರೆ ಹಾಡು ಇಳಿಯುತ್ತದೆ, ಐಸಿಯ ಶಬ್ದ ಇಳಿಯುವುದಿಲ್ಲ.

10 ಕಿಲೋ ಓಮ್ ಪಾಟ್ ಹಾಕಿ. ಫೀಡ್‌ಬ್ಯಾಕಿನ 10 ಕಿಲೋ ಓಮ್ ತೆಗೆದು 2.2 ಕಿಲೋ ಓಮ್ ಹಾಕಿ, ಗೇನ್ 3.2 ಆಗುತ್ತದೆ. ಎರಡೂ ಚಾನೆಲಿನಲ್ಲಿ. ಈಗ ಅದೇ ಲೆಕ್ಕ ಮಾಡಿದರೆ ಸುಮಾರು 4 ಮೈಕ್ರೋವೋಲ್ಟ್, ಅಂದರೆ 20 ಡೆಸಿಬೆಲಿನ ಆಸುಪಾಸು. ನೀವು ಹಾಕಿದ ದುಬಾರಿ ಕೆಪ್ಯಾಸಿಟರುಗಳು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಕೆಲವೇ ರೂಪಾಯಿಯ ಎರಡು ರೆಸಿಸ್ಟರ್ ಮತ್ತು ಒಂದು ಪಾಟ್ 16 ಡೆಸಿಬೆಲ್ ಕಳೆದವು. ಯಾವ ಐಸಿ ಬದಲಿಸಿದರೂ ಇಷ್ಟು ಸಿಗುವುದಿಲ್ಲ. ಜೊತೆಗೆ ಔಟ್‌ಪುಟ್ ಡಿಸಿ 220ರಿಂದ ಆರೇಳು ಮಿಲಿವೋಲ್ಟಿಗೆ ಇಳಿಯುತ್ತದೆ. 300 ಓಮ್ ಹೆಡ್‌ಫೋನಿಗೆ ಗೇನ್ ಸಾಲದೇ ಹೋದೀತೇ ಎಂಬ ಅನುಮಾನ ಬೇಡ. ಆ ವರ್ಗದ ಪ್ರಸಿದ್ಧ ಮಾದರಿಯಾದ ಸೆನ್‌ಹೈಸರ್ ಎಚ್‌ಡಿ 650, 1 ವೋಲ್ಟಿಗೇ 103 ಡೆಸಿಬೆಲ್ ಕೊಡುತ್ತದೆ.

ಇನ್ನು ಚಾರ್ಜರ್ ಚುಚ್ಚಿದಾಗಿನ ಜುಂಯ್ ಸದ್ದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಡುವುದು ಇದೇ, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ.

ಸೆಟ್‌ಟಾಪ್ ಬಾಕ್ಸಿನ ಎರಡು ಪಿನ್ನಿನ ಅಡಾಪ್ಟರ್ ಒಂದು ಸ್ವಿಚ್ ಮೋಡ್ ಸಪ್ಲೈ, ಅಂದರೆ ವಿದ್ಯುತ್ತನ್ನು ಅತಿ ವೇಗವಾಗಿ ಕಡಿದು ಕೂಡಿಸಿ ವೋಲ್ಟೇಜ್ ಇಳಿಸುವಂಥದ್ದು. ಅದರೊಳಗೆ 230 ವೋಲ್ಟಿನ ಕಡೆಯಿಂದ 12 ವೋಲ್ಟಿನ ಕಡೆಗೆ ವೈ ಕೆಪ್ಯಾಸಿಟರ್ ಎಂಬುದೊಂದು ಸೇತುವೆಯಂತೆ ಕೂತಿರುತ್ತದೆ. ರೇಡಿಯೊ ಆವರ್ತನದ ಗದ್ದಲ ಹೊರಹೋಗದಿರಲೆಂದು ಬೇಕೆಂದೇ ಇಟ್ಟದ್ದು ಅದು. ಅದರ ಅಳತೆ ಹೆಚ್ಚಾಗಿ ಒಂದೆರಡು ನ್ಯಾನೊಫ್ಯಾರಡ್. 2.2 ನ್ಯಾನೊಫ್ಯಾರಡ್ ಮೂಲಕ 230 ವೋಲ್ಟ್, 50 ಹರ್ಟ್ಜ್‌ನಲ್ಲಿ ಹೆಚ್ಚೆಂದರೆ 0.16 ಮಿಲಿಆಂಪ್ ಹರಿಯುತ್ತದೆ. ಎರಡು ಪಿನ್ನಿನ ಚಾರ್ಜರ್ ಹಾಕಿದ ಲೋಹದ ಮೈಯ ಲ್ಯಾಪ್‌ಟಾಪನ್ನು ಸವರಿದರೆ ಬೆರಳು ಜುಮ್ಮೆನ್ನುವುದು ಈ ಕರೆಂಟಿನಿಂದಲೇ.

ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಮೂರು ಪಿನ್ನಿನದಾಗಿದ್ದು, ಹಲವು ಚಾರ್ಜರುಗಳಂತೆ ಅದರ ನೆಗೆಟಿವ್ ತಂತಿ ಅರ್ಥ್‌ಗೆ ಕೂಡಿದ್ದರೆ, ಅದನ್ನು ಚುಚ್ಚಿದೊಡನೆ ಲ್ಯಾಪ್‌ಟಾಪಿನ ಗ್ರೌಂಡ್ ಮನೆಯ ಅರ್ಥ್‌ಗೆ ಸೇರುತ್ತದೆ. ಆಗ ಅಡಾಪ್ಟರಿನಿಂದ ಸೋರುವ 0.16 ಮಿಲಿಆಂಪ್‌ಗೆ ಮನೆಗೆ ಹೋಗುವ ದಾರಿ ಸಿಕ್ಕಿತು: ನಿಮ್ಮ ಆ್ಯಂಪಿನ ಗ್ರೌಂಡ್, ಅಲ್ಲಿಂದ 3.5 ಮಿಲಿಮೀಟರ್ ಕೇಬಲಿನ ಶೀಲ್ಡ್ (ಹೊರಗಿನ ಗ್ರೌಂಡ್ ಹೊದಿಕೆ), ಅಲ್ಲಿಂದ ಲ್ಯಾಪ್‌ಟಾಪ್, ಅರ್ಥ್. ಶೀಲ್ಡಿನ ರೆಸಿಸ್ಟೆನ್ಸ್ 0.1 ಓಮ್ ಎಂದಿಟ್ಟುಕೊಂಡರೂ ಅದರ ಎರಡು ತುದಿಗಳ ನಡುವೆ 16 ಮೈಕ್ರೋವೋಲ್ಟ್ ಏಳುತ್ತದೆ. ಅದು ಹಾಡಿನ ಜೊತೆಗೇ ಸೇರಿ ಆ್ಯಂಪಿಗೆ ಹೋಗುತ್ತದೆ. ಗುಂಡಿ ಪೂರ್ತಿ ತೆರೆದು 11ರಿಂದ ಗುಣಿಸಿದರೆ 175 ಮೈಕ್ರೋವೋಲ್ಟ್, ನಿಮ್ಮ ಇಯರ್‌ಫೋನಿನಲ್ಲಿ 53 ಡೆಸಿಬೆಲ್. ಅಡಾಪ್ಟರಿನ ಒಳಗೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇರುವುದರಿಂದ ಈ ಕರೆಂಟ್ ನಯವಾದ 50 ಹರ್ಟ್ಜ್ ಅಲೆಯಲ್ಲ, ಅದಕ್ಕೆ ಚೂಪು ಅಂಚುಗಳಿವೆ. ಆದ್ದರಿಂದ ಗುಂಯ್ ಎನ್ನದೆ ಜುಂಯ್ ಎನ್ನುತ್ತದೆ.

ಇದಕ್ಕೆ ಅನೇಕರು ಹೇಳುವ ಉಪಾಯ ಲ್ಯಾಪ್‌ಟಾಪ್ ಚಾರ್ಜರಿನ ಅರ್ಥ್ ಪಿನ್ ಕತ್ತರಿಸುವುದು ಅಥವಾ ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಬಳಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಅರ್ಥ್ ಇರುವುದು ಚಾರ್ಜರಿನೊಳಗೆ ಇನ್ಸುಲೇಶನ್ ಕೆಟ್ಟ ದಿನ ನಿಮ್ಮ ಜೀವ ಉಳಿಸಲು. ಕಿವಿಯೊಳಗೆ ತಂತಿ ಸಿಕ್ಕಿಸಿಕೊಂಡು ಕೂತವರಿಗೆ ಆ ರಕ್ಷಣೆ ಇನ್ನೂ ಹೆಚ್ಚು ಬೇಕು.

ಸರಿಯಾದ ದಾರಿ ಆ ಕರೆಂಟನ್ನು ಮೂಲದಲ್ಲೇ ಇಲ್ಲವಾಗಿಸುವುದು. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಕಟ್ಟಿ, ನಡುವಿನ ಕೂಡುಬಿಂದುವನ್ನೇ ಗ್ರೌಂಡ್ ಮಾಡಿ. 4.7 ಕಿಲೋ ಓಮ್ ರೆಸಿಸ್ಟರ್ ಎರಡನ್ನೂ ತೆಗೆಯಿರಿ, 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳು ಇರಲಿ. ಒಂದೇ ಏಟಿಗೆ ಎರಡು ಕೆಲಸ ಆಗುತ್ತದೆ: ಜುಂಯ್ ಸದ್ದಿಗೆ ದಾರಿ ಇಲ್ಲ, ಕುಸಿಯುವ ವರ್ಚುವಲ್ ಗ್ರೌಂಡೂ ಇಲ್ಲ. ಸ್ವಿಚ್ ಮಾತ್ರ ಎರಡು ಪೋಲಿನದಾಗಿರಲಿ, ಎರಡೂ ಬ್ಯಾಟರಿ ಒಟ್ಟಿಗೆ ಕಡಿಯಬೇಕು. ಒಂದು ಉಳಿದರೆ ಔಟ್‌ಪುಟ್ ಒಂದು ಕಡೆಗೆ ವಾಲುತ್ತದೆ. ಎನ್‌ಇ5532 ಸುಮ್ಮನಿದ್ದಾಗ 8 ಮಿಲಿಆಂಪ್ ಎಳೆಯುತ್ತದೆ. 200 ಮಿಲಿಆಂಪ್‌ಅವರ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಒಂದು ದಿನದ ಹತ್ತಿರ ಬರುತ್ತದೆ, ರಾತ್ರಿ ಚಾರ್ಜ್ ಮಾಡಿಕೊಳ್ಳಬಹುದು. ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ 9 ವೋಲ್ಟ್ ಬ್ಯಾಟರಿ ನೋಡಿ ಕೊಳ್ಳಿ. ಕೆಲವುಗಳ ಒಳಗೆ ಸ್ವಿಚಿಂಗ್ ಕನ್ವರ್ಟರ್ ಇರುತ್ತದೆ, ಬಿಟ್ಟುಬಂದ ಗದ್ದಲ ಮತ್ತೆ ಒಳಗೆ ಬರುತ್ತದೆ.

ಕರೆಂಟಿನಿಂದಲೇ ನಡೆಸಬೇಕೆಂದರೆ 12-0-12 ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, 7812 ಮತ್ತು 7912 (ಪ್ಲಸ್ 12, ಮೈನಸ್ 12 ವೋಲ್ಟಿನ ರೆಗ್ಯುಲೇಟರ್‌ಗಳು) ಬಳಸಿ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವಿನ ಕೆಪ್ಯಾಸಿಟೆನ್ಸ್ ವೈ ಕೆಪ್ಯಾಸಿಟರಿಗಿಂತ ಬಹಳ ಕಡಿಮೆ. ಆದರೆ ಇಲ್ಲಿ ಹೊಸ ಅಪಾಯವೊಂದಿದೆ. ಫಿಲ್ಟರ್ ಕೆಪ್ಯಾಸಿಟರ್‌ಗೆ ಕರೆಂಟ್ ಹೋಗುವುದು ಸೆಕೆಂಡಿಗೆ 100 ಸಲ, ಸಣ್ಣ ಸಣ್ಣ ಹೊಡೆತಗಳಾಗಿ. 1 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಸಾಮಾನ್ಯ ತಾಮ್ರದ ಟ್ರ್ಯಾಕಿಗೆ 15 ಮಿಲಿಓಮ್ ರೆಸಿಸ್ಟೆನ್ಸ್. ಅರ್ಧ ಆಂಪಿನ ಹೊಡೆತ ಅದನ್ನು ದಾಟಿದರೆ 7.5 ಮಿಲಿವೋಲ್ಟ್. ಇನ್‌ಪುಟ್ ಗ್ರೌಂಡ್ ಆ ಟ್ರ್ಯಾಕನ್ನು ಹಂಚಿಕೊಂಡಿದ್ದರೆ ಯಾವ ರೆಗ್ಯುಲೇಟರೂ ಕಾಪಾಡದು, 100 ಹರ್ಟ್ಜ್ ಸದ್ದು ಖಚಿತ. ಟ್ರಾನ್ಸ್‌ಫಾರ್ಮರಿನ ನಡು ತಂತಿ ಮೊದಲು ಫಿಲ್ಟರ್ ಕೆಪ್ಯಾಸಿಟರ್‌ಗಳ ಕೂಡುಬಿಂದುವಿಗೆ ನೇರವಾಗಿ ಹೋಗಲಿ, ಆ್ಯಂಪಿನ ಗ್ರೌಂಡಿಗೆ ಅಲ್ಲಿಂದ ಒಂದೇ ಒಂದು ತಂತಿ ಬರಲಿ. 230 ವೋಲ್ಟಿನ ಕೆಲಸದಲ್ಲಿ ಅನುಭವ ಇಲ್ಲದಿದ್ದರೆ ಬ್ಯಾಟರಿಯಲ್ಲೇ ಉಳಿಯಿರಿ. ಮಾಡುವುದಾದರೆ ಫ್ಯೂಸ್ ಇರಲಿ, ಲೋಹದ ಡಬ್ಬಿಗೆ ಅರ್ಥ್ ಇರಲಿ. ರೆಗ್ಯುಲೇಟರಿನ ಶಬ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎನ್‌ಇ5532 ಸಪ್ಲೈಯಲ್ಲಿನ ಏರಿಳಿತವನ್ನು ಕೆಳ ಆವರ್ತನದಲ್ಲಿ 100 ಡೆಸಿಬೆಲಿನಷ್ಟು ಅದುಮುತ್ತದೆ.

ಅಡಾಪ್ಟರ್ ಬೇಡವೆಂದರೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ 5 ವೋಲ್ಟ್ ತೆಗೆದು ಬೂಸ್ಟ್ ಮಾಡಿದರಾಯಿತು ಎಂದು ಮುಂದೆ ನಿಮಗೆ ಅನಿಸಬಹುದು. ಈಗಿನ ಸರ್ಕಿಟಿನಲ್ಲಿ ಅದು ಆಗದು. ಯುಎಸ್‌ಬಿಯ ನೆಗೆಟಿವ್ ಮತ್ತು ಆಡಿಯೊ ಜಾಕಿನ ಗ್ರೌಂಡ್ ಲ್ಯಾಪ್‌ಟಾಪಿನೊಳಗೆ ಒಂದೇ. ನಿಮ್ಮ ಆ್ಯಂಪಿನಲ್ಲಿ ಒಂದು ನೆಗೆಟಿವ್ ರೈಲ್ (ಸಪ್ಲೈಯ ನೆಗೆಟಿವ್ ಸಾಲು), ಇನ್ನೊಂದು ನಡುಬಿಂದು. ಆಡಿಯೊ ಕೇಬಲ್ ಚುಚ್ಚಿದೊಡನೆ ಎರಡೂ ಶಾರ್ಟ್ ಆಗುತ್ತವೆ.

ಗುಂಡಿ ಅರ್ಧದಲ್ಲಿದ್ದಾಗ ಹೆಚ್ಚುವ ಗುಂಯ್ ಸದ್ದಿನ ಕಾರಣವನ್ನು ನಿಮ್ಮ ಮಾತೇ ಹೇಳುತ್ತದೆ. ಸೊನ್ನೆಯಲ್ಲಿ ವೈಪರ್ ಗ್ರೌಂಡಿಗೆ ತಾಗಿರುತ್ತದೆ, ಪೂರ್ತಿಯಲ್ಲಿ ಲ್ಯಾಪ್‌ಟಾಪಿನ ಕಡಿಮೆ ಇಂಪೀಡೆನ್ಸಿಗೆ ತಾಗಿರುತ್ತದೆ. ನಡುವೆ ಮಾತ್ರ ಅದು 12.5 ಕಿಲೋ ಓಮ್ ಹಿಂದೆ ನಿಂತು ಗೋಡೆಯ ವೈರಿಂಗಿನ ವಿದ್ಯುತ್ ಕ್ಷೇತ್ರವನ್ನು ಹೀರುತ್ತದೆ. ಪ್ಲಾಸ್ಟಿಕ್ ಡಬ್ಬಿ ಏನನ್ನೂ ತಡೆಯುವುದಿಲ್ಲ. 230 ವೋಲ್ಟಿನ ತಂತಿಗೂ ನಿಮ್ಮ ವೈಪರಿಗೂ ನಡುವೆ 0.1 ಪಿಕೊಫ್ಯಾರಡ್ ಇದ್ದರೂ ಸಾಕು, 90 ಮೈಕ್ರೋವೋಲ್ಟ್ ಬರುತ್ತದೆ, ಔಟ್‌ಪುಟ್‌ನಲ್ಲಿ 1 ಮಿಲಿವೋಲ್ಟ್. 10 ಕಿಲೋ ಓಮ್ ಪಾಟ್ ಹಾಕಿ ಗೇನ್ 3.2 ಮಾಡಿದಾಗ ಅದು 60 ಮೈಕ್ರೋವೋಲ್ಟಿಗಿಂತ ಕೆಳಗೆ ಬರುತ್ತದೆ, ಉಳಿದದ್ದನ್ನು ಲೋಹದ ಡಬ್ಬಿ ನುಂಗುತ್ತದೆ. ಅಲ್ಯೂಮಿನಿಯಂ ಆಗಬಹುದು, ಸ್ಟೀಲ್ ಆಗಬಹುದು. ಡಬ್ಬಿಯನ್ನು ಆ್ಯಂಪಿನ ಗ್ರೌಂಡಿಗೆ ಒಂದು ಕಡೆ ಕೂಡಿಸಿ. ಪಾಟಿನ ಲೋಹದ ಮೈಗೂ ತಂತಿ ಹಾಕಿ, ಗುಂಡಿ ಮುಟ್ಟಿದಾಗ ಸದ್ದು ಬದಲಾಗುವುದು ಅಲ್ಲಿಗೆ ನಿಲ್ಲುತ್ತದೆ. ಅಡಾಪ್ಟರ್ ಜಾಕ್ ಉಳಿಸಿಕೊಂಡಿದ್ದರೆ ಅದು ಪ್ಲಾಸ್ಟಿಕ್ ಮೈಯದಾಗಿರಬೇಕು, ಏಕೆಂದರೆ ಅದರ ತೋಳು ನೆಗೆಟಿವ್ ರೈಲ್, ಡಬ್ಬಿ ಈಗ ನಡುಬಿಂದು.

ಕೋಣೆಯ ಫ್ಯಾನ್ ನಿಧಾನಕ್ಕೆ ತಿರುಗುತ್ತಿದ್ದಾಗ ಈ ಸದ್ದು ಕರ್ಕಶವಾಗುತ್ತದೆಯೇ ನೋಡಿ. ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ಇರುವ ಫ್ಯಾನ್ ರೆಗ್ಯುಲೇಟರ್ ಪ್ರತಿ ಅರ್ಧ ಅಲೆಯನ್ನೂ ನಡುವೆ ಕತ್ತರಿಸುತ್ತದೆ, ಆ ಅಂಚು ಕೋಣೆಯೆಲ್ಲ ಹರಡುತ್ತದೆ. ಕೆಪ್ಯಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹೀಗೆ ಕತ್ತರಿಸುವುದಿಲ್ಲ.

ಫೋನಿನ ಟರ್‌ಟರ್ ಸದ್ದು 2ಜಿ ಸಂಪರ್ಕದ್ದು. ಜಿಎಸ್‌ಎಂ ಫೋನ್ ಸೆಕೆಂಡಿಗೆ 217 ಸಲ ಚಿಮ್ಮಿ ಚಿಮ್ಮಿ ಪ್ರಸಾರ ಮಾಡುತ್ತದೆ, ಐಸಿಯ ಇನ್‌ಪುಟ್ ಟ್ರಾನ್ಸಿಸ್ಟರ್ ಅದನ್ನು ರೆಕ್ಟಿಫೈ ಮಾಡಿ ಕೇಳಿಸುವಂತೆ ಮಾಡುತ್ತದೆ. ಲೋಹದ ಡಬ್ಬಿ ಬಹುಪಾಲು ತಡೆಯುತ್ತದೆ. ಜೊತೆಗೆ ಐಸಿಯ ಪ್ಲಸ್ ಪಿನ್ನಿಗೆ ಹೋಗುವ ದಾರಿಯಲ್ಲಿ 1 ಕಿಲೋ ಓಮ್, ಪಿನ್ನಿನ ಬುಡದಲ್ಲೇ ಗ್ರೌಂಡಿಗೆ 220 ಪಿಕೊಫ್ಯಾರಡ್ ಹಾಕಿ.

ನೀವು ಬರೆಯದ ಒಂದು ಸಂಗತಿಯನ್ನೂ ಪರೀಕ್ಷಿಸಿ. ಐಸಿಯ 8 ಮತ್ತು 4ನೇ ಪಿನ್ನುಗಳ ನಡುವೆ, ಕಾಲಿಗೆ ಅಂಟಿದಂತೆ 100 ನ್ಯಾನೊಫ್ಯಾರಡ್ ಸೆರಾಮಿಕ್ ಇದೆಯೇ? ವೆರೋ ಬೋರ್ಡಿನಲ್ಲಿ ಇದನ್ನು ಬಿಟ್ಟರೆ ಐಸಿ ಕಿವಿಗೆ ಕೇಳದ ಆವರ್ತನದಲ್ಲಿ ತಾನೇ ಆಸಿಲೇಟ್ ಆಗಬಹುದು, ಅಂದರೆ ತಾನಾಗಿ ಅಲೆ ಹುಟ್ಟಿಸಬಹುದು. ಆಗ ಕಾಣುವ ಗುರುತು ಐಸಿ ಬೆಚ್ಚಗಾಗುವುದು, ಎಳೆಯುವ ಕರೆಂಟ್ ಹೆಚ್ಚುವುದು. ಬ್ಯಾಟರಿಯ ಸಾಲಿನಲ್ಲಿ ಮೀಟರ್ ಹಾಕಿ, ಇಯರ್‌ಫೋನ್ ಇಲ್ಲದೆ ನೋಡಿ. 8 ಮಿಲಿಆಂಪಿನ ಸುತ್ತ ಇದ್ದರೆ ಸರಿ, 20 ದಾಟಿದರೆ ಅನುಮಾನಿಸಿ. ಕೊನೆಗೆ ಒಣ ಪೆನ್ಸಿಲಿನಿಂದ ಬೋರ್ಡನ್ನು ಮೆಲ್ಲಗೆ ತಟ್ಟುತ್ತ ಹೋಗಿ, ಕರಕರ ಎಂದಲ್ಲಿ ಬೆಸುಗೆ ಕೂತಿಲ್ಲ, ಮತ್ತೆ ಕಾಯಿಸಿ.

ಕೆಲಸದ ಕ್ರಮ ಮುಖ್ಯ. ಮೊದಲು 10 ಕಿಲೋ ಓಮ್ ಮತ್ತು 1 ಮೈಕ್ರೋಫ್ಯಾರಡ್, ಆಮೇಲೆ ಗೇನ್ ಮತ್ತು ಪಾಟ್, ಆಮೇಲೆ ಎರಡು ಬ್ಯಾಟರಿ, ಕೊನೆಗೆ ಡಬ್ಬಿ. ಪ್ರತಿ ಹಂತದ ನಂತರ ಶಾರ್ಟ್ ಮಾಡಿದ ಪ್ಲಗ್ ಹಾಕಿ ಕೇಳಿ, ಔಟ್‌ಪುಟ್ ಡಿಸಿ ಅಳೆದು ಬರೆದಿಡಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂಬುದು ಕೈತಪ್ಪುತ್ತದೆ. ಬ್ಯಾಟರಿ ಹಾಕಿದ ಮೇಲೆ ಡಿಸಿ ಎರಡೂ ಚಾನೆಲಿನಲ್ಲಿ 20 ಮಿಲಿವೋಲ್ಟಿಗಿಂತ ಕೆಳಗಿದ್ದರೆ ನಿಮ್ಮ ಒಳ್ಳೆಯ ಇಯರ್‌ಫೋನನ್ನು ಧೈರ್ಯವಾಗಿ ಚುಚ್ಚಿ.

ಇಷ್ಟಾದ ಮೇಲೆ ಇನ್ನೊಂದು ಆ್ಯಂಪ್ ಕಟ್ಟುವ ಮನಸ್ಸಾದರೆ 2011ರಲ್ಲಿ ಪ್ರಕಟವಾದ ಆಬ್ಜೆಕ್ಟಿವ್2 ಸರ್ಕಿಟನ್ನು ಓದಿ. ಅದರಲ್ಲಿ ಗೇನ್ ಮೊದಲು, ಪಾಟ್ ಆಮೇಲೆ, ಕೊನೆಯಲ್ಲಿ ಕರೆಂಟ್ ಕೊಡುವ ಎನ್‌ಜೆಎಂ4556 ಐಸಿಗಳು. ಗುಂಡಿ ಇಳಿಸಿದಾಗ ಗೇನ್ ಹಂತದ ಶಬ್ದವೂ ಹಾಡಿನ ಜೊತೆಗೇ ಇಳಿಯುತ್ತದೆ. ನಿಮ್ಮಂತೆ ರಾತ್ರಿ ಇಯರ್‌ಫೋನಿನಲ್ಲಿ ಕೇಳುವವರಿಗೆ ಈ ಜೋಡಣೆ ಹೆಚ್ಚು ಹೊಂದುತ್ತದೆ. ಆದರೆ ಅಲ್ಲಿ ಇನ್‌ಪುಟ್ ನೇರವಾಗಿ ಗೇನ್ ಹಂತಕ್ಕೆ ಹೋಗುವುದರಿಂದ ಗೇನನ್ನು ನಿಮ್ಮ ಲ್ಯಾಪ್‌ಟಾಪಿನ ವೋಲ್ಟೇಜಿಗೆ ಸರಿಯಾಗಿ ಆರಿಸಿಕೊಳ್ಳಬೇಕು. ಹೆಚ್ಚಾಯಿತೆಂದರೆ ಗುಂಡಿ ಎಲ್ಲಿದ್ದರೂ ಮೊದಲ ಹಂತದಲ್ಲೇ ಅಲೆ ಕತ್ತರಿಸಿಹೋಗುತ್ತದೆ.